ಮಾಜು ತಾಯಿ ಏಳು ಸಲ ನಕ್ಕಿದ್ದು

ನಮ್ಮ ಅಜ್ಜಿ ಹೇಳುವ ಕಥೆಗಳಲ್ಲಿ ಕಡಲು ದಾಟಿ ಹೋದವರು ಎರಡು ಬಗೆ. ಕೆಲವರು ನಾಗರಾಜನ ಮಗಳನ್ನು ಮದುವೆಯಾಗಿ ಮುತ್ತಿನ ಮೂಟೆ ಹೊತ್ತು ತರುತ್ತಾರೆ. ಮಿಕ್ಕವರು ನಾಗರಾಜನ ಹೊಟ್ಟೆ ಸೇರುತ್ತಾರೆ. ಅಜ್ಜಿಯನ್ನು ನಾವು ಅ-ಮಾ ಎನ್ನುತ್ತೇವೆ. ಅ-ಮಾಳ ತೊಡೆಯ ಮೇಲೆ ತಲೆಯಿಟ್ಟು ಬೆಳೆದ ನನಗೆ ಮೂರನೆಯ ಬಗೆಯೂ ಒಂದಿದೆ ಎಂದು ತಿಳಿದದ್ದು, ಪಕ್ಕದ ಮನೆಯ ಅ-ಶುಯಿ ಮಾಮ ಪ್ರವಾಸದ ಕಚೇರಿಯಿಂದ ಏಳು ಬಣ್ಣದ ಕರಪತ್ರಗಳನ್ನು ತಂದ ದಿನ. ಯಾವ ಕಡಲು ಎಂದು ತೀರ್ಮಾನಿಸಲಾಗದೆ ಊಟದ ಮೇಜಿನ ಮೇಲೆಯೇ ಮುಳುಗಿಹೋಗುವ ಬಗೆ ಅದು.

ಅವನ ಪೂರ್ತಿ ಹೆಸರು ತ್ಸಾಯ್ ಜಿನ್-ಶುಯಿ. ನಮ್ಮ ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾನೆ. ಎಂಜಿನ್ ಬಿಚ್ಚುವುದರಲ್ಲಿ ಅವನಷ್ಟು ಧೈರ್ಯಸ್ಥ ತೈವಾನಿನ ಈ ದಂಡೆಯಲ್ಲಿ ಮತ್ತೊಬ್ಬನಿಲ್ಲ. ಆದರೆ ನೂಡಲ್ ಅಂಗಡಿಯಲ್ಲಿ "ಸಾರಿನದಾ, ಒಣದಾ?" ಎಂದು ಕೇಳಿದರೆ ಹಣೆಯಲ್ಲಿ ಬೆವರೊಡೆಯುತ್ತದೆ. ಅವನು ನಿರ್ಧರಿಸುವಷ್ಟರಲ್ಲಿ ಪಕ್ಕದ ಮೇಜಿನವರು ಉಂಡು, ಬಾಯಿ ಒರೆಸಿಕೊಂಡು, ಹಲ್ಲುಕಡ್ಡಿ ಕಚ್ಚಿಕೊಂಡು ಮನೆ ಸೇರಿರುತ್ತಾರೆ.

ಇಂಥವನು ಕಳೆದ ಬೇಸಿಗೆಯಲ್ಲಿ ಸೋದರಳಿಯನ ಮದುವೆಯೂಟದಲ್ಲಿ, ಮೂರು ಲೋಟ ಜೋಳದ ಸಾರಾಯಿ ಒಳಗಿಳಿದ ಮೇಲೆ, ಕುರ್ಚಿ ಹತ್ತಿ ನಿಂತು ಹನ್ನೆರಡು ಮೇಜುಗಳ ಮುಂದೆ ಘೋಷಿಸಿಬಿಟ್ಟ.

"ಈ ನವೆಂಬರಿಗೆ ನಮ್ಮ ಮದ್ವೆಯಾಗಿ ಮೂವತ್ತು ವರ್ಷ! ಬೀ-ಯುನ್‌ನ ವಿದೇಶಕ್ಕೆ ಕರ್ಕೊಂಡು ಹೋಗ್ತೀನಿ! ಚೆಂದದ ಊರಿಗೆ, ಚೆಂದದ ಕಡಲಿಗೆ! ನಾವಿಬ್ರೇ! ಇನ್ನೊಂದು ನರಪಿಳ್ಳೆ ಇಲ್ಲ!"

ಹನ್ನೆರಡು ಮೇಜಿನವರೂ ಚಪ್ಪಾಳೆ ತಟ್ಟಿದರು. ಮಾಮ ಕುರ್ಚಿಯಿಂದ ಇಳಿಯುವಾಗ ಬಿದ್ದ. ಮಾತು ಮಾತ್ರ ಬೀಳದೆ ಹಾಗೇ ನಿಂತಿತು.

ಬೀ-ಯುನ್ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಮೂವತ್ತು ವರ್ಷದಿಂದ ಬಂದರಿನ ತಗಡಿನ ಚಪ್ಪರದಡಿ ಗಿಡ್ಡ ಸ್ಟೂಲಿನ ಮೇಲೆ ಕೂತು ಸಿಂಪಿ ಬಿಡಿಸುತ್ತಿದ್ದಾಳೆ. ಚಿಪ್ಪಿನ ಸಂದಿಗೆ ಚಾಕು ತೂರಿಸು, ತಿರುಗಿಸು, ಮಾಂಸ ಬಟ್ಟಲಿಗೆ, ಚಿಪ್ಪು ಹಿಂದಕ್ಕೆ. ಗಿರಾಕಿಗಳು ರಸ್ತೆಯ ಕಡೆಯಿಂದ ಬರುವುದರಿಂದ ಅವಳ ಮುಖ ರಸ್ತೆಗೆ, ಬೆನ್ನು ಕಡಲಿಗೆ. ಇಷ್ಟು ವರ್ಷ ಕಡಲ ಪಕ್ಕದಲ್ಲಿದ್ದೂ ಅವಳ ಬೆನ್ನಿಗೆ ಮಾತ್ರ ಕಡಲಿನ ಪರಿಚಯ.

ಕರಪತ್ರಗಳು ಬಂದ ದಿನ ಅತ್ತೆ ಹೇಳಿದಳು. "ನಂಗೆ ಎರಡೇ ಎರಡು ಬೇಕು. ಕಡಲಿಗೆ ಮುಖ ಮಾಡಿ ನಿಂತ್ಕೋಬೇಕು. ಆಗ ಕೈಯಲ್ಲಿ ಏನೂ ಇರ್ಬಾರ್ದು."

"ಅಷ್ಟೇನಾ?"

"ಮತ್ತೆ, ನಾವಿಬ್ರೇ ಇರ್ಬೇಕು."

"ಇದು ಮೂರಾಯ್ತಲ್ಲೇ."

"ಮೂರನೇದು ನೀನೇ ಕುರ್ಚಿ ಮೇಲೆ ನಿಂತ್ಕೊಂಡು ಹೇಳಿದ್ದು."

ಮಾಮ ಏಳೂ ಕರಪತ್ರಗಳನ್ನು ದುಂಡು ಮೇಜಿನ ಮೇಲೆ ಹರಡಿದ. ನಾಗಾಸಾಕಿ, ಒಕಿನಾವಾ, ಒತಾರು, ಬೂಸಾನ್, ತೊಂಗ್ಯೊಂಗ್, ದಾ ನಾಂಗ್, ಪೆನಾಂಗ್. ಇಪ್ಪತ್ತು ದಿನ ಅವು ಅಲ್ಲೇ ಇದ್ದವು. ಅನ್ನದ ಬಟ್ಟಲು ಬೂಸಾನಿನ ಮೇಲೆ, ಸೊಪ್ಪಿನ ತಟ್ಟೆ ದಾ ನಾಂಗಿನ ಮೇಲೆ. ಒತಾರುವಿನಲ್ಲಿ ಹಿಮ, ಮಂಡಿಗೆ ಆಗದು. ನಾಗಾಸಾಕಿಯಲ್ಲಿ ಏರುದಾರಿ, ಅದೂ ಮಂಡಿಗೆ ಆಗದು. ಪೆನಾಂಗಿನಲ್ಲಿ ಖಾರ, ಮಂಡಿಗೆ ಆದರೂ ಹೊಟ್ಟೆಗೆ ಆಗದು. ಒಕಿನಾವಾದ ಬಗ್ಗೆ ಅವನಿಗೊಂದು ತತ್ತ್ವವಿತ್ತು: "ನಮ್ಮ ಕಡಲೇ ಹರ್ಕೊಂಡು ಅಲ್ಲಿಗೆ ಹೋಗೋದು. ನಮ್ಮ ನೀರನ್ನೇ ನೋಡೋಕೆ ಟಿಕೆಟ್ ಯಾಕೆ?"

ತೊಂಗ್ಯೊಂಗಿನ ಚಿತ್ರವನ್ನು ಅತ್ತೆ ಬಹಳ ಹೊತ್ತು ನೋಡುತ್ತಿದ್ದಳು. ಕೊರಿಯಾದ ದಕ್ಷಿಣದ ದಂಡೆ, ಬೆಟ್ಟದ ಮೇಲಿನಿಂದ ತೆಗೆದ ಚಿತ್ರ. ನೀಲಿ ನೀರು, ಎಣಿಸಲಾಗದಷ್ಟು ದ್ವೀಪ, ಕೊಲ್ಲಿಯ ತುಂಬ ಸಾಲುಸಾಲು ಬಿಳಿ ಚುಕ್ಕಿ.

"ಈ ಬಿಳಿ ಚುಕ್ಕಿ ಏನು?"

"ಹಂಸಗಳು" ಎಂದ ಮಾಮ, ಒಂದು ಕ್ಷಣವೂ ತಡವರಿಸದೆ. ಗೊತ್ತಿಲ್ಲದ ವಿಷಯದಲ್ಲಿ ಅವನು ಎಂದೂ ತಡವರಿಸಿದವನಲ್ಲ.

"ಹಿಂಗೆ ಸಾಲಾಗಿ?"

"ಕೊರಿಯಾ ಕಣೇ. ಶಿಸ್ತಿನ ದೇಶ."

ಇಪ್ಪತ್ತೊಂದನೆಯ ದಿನ ಪ್ರವಾಸದ ಕಚೇರಿಯಿಂದ ಫೋನ್ ಬಂತು. ಶುಕ್ರವಾರದೊಳಗೆ ಹೇಳದಿದ್ದರೆ ನವೆಂಬರಿನ ಸೀಟು ಸಿಗದು. ಮಾಮ ಏಳೂ ಕರಪತ್ರಗಳನ್ನು ಬಾಚಿಕೊಂಡು, ಇಂಥ ಸಂಕಟದಲ್ಲಿ ನಮ್ಮ ಬಂದರಿನವರೆಲ್ಲ ಓಡುವ ಕಡೆಗೇ ಓಡಿದ: ಕಡಲತಾಯಿ ಮಾಜುವಿನ ಗುಡಿಗೆ.

ಆಗ ಮಧ್ಯಾಹ್ನ ಮೂರು ಗಂಟೆ. ಗುಡಿಯ ಅಂಗಳದ ಚಹಾದ ಬೆಂಚು ತುಂಬಿತ್ತು. ಗುಡಿ ಸಮಿತಿಯ ಅಧ್ಯಕ್ಷ ಖೋ ಯಜಮಾನರು ಬೆರಳುದ್ದದ ಬಟ್ಟಲುಗಳಿಗೆ ಚಹಾ ಬಗ್ಗಿಸುತ್ತಿದ್ದರು. ಮೀನುಂಡೆ ಸಾರು ಮಾರುವ ಅ-ಕಿಮ್ ಚಿಕ್ಕಮ್ಮ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದಳು. ನಾನು ಅ-ಮಾಳ ಬದಲಿಗೆ ತಾಯಿಗೆ ಸುಟ್ಟು ಒಪ್ಪಿಸುವ ಬಂಗಾರದ ಕಾಗದ ಮಡಚುತ್ತ ಕೂತಿದ್ದೆ. ಅ-ಮಾ ಆ ವಾರ ತಂಗಿಯ ಮನೆಗೆ ಹೋಗಿದ್ದಳು. ಅವಳಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿದು, ಹೇಳಲು ನನಗೇನೂ ಉಳಿಯುತ್ತಿರಲಿಲ್ಲ.

ತಾಯಿಯ ಉತ್ತರ ಬರುವುದು ಎರಡು ಅರ್ಧಚಂದ್ರದ ಮರದ ತುಂಡುಗಳಲ್ಲಿ. ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ಜೋಡಿಯನ್ನು ನೆಲಕ್ಕೆ ಹಾಕಿದಾಗ ಒಂದು ಅಂಗಾತ ಒಂದು ಬೋರಲು ಬಿದ್ದರೆ ತಾಯಿ ಹೌದೆಂದಳು. ಎರಡೂ ಬೋರಲಾದರೆ ಬೇಡವೆಂದಳು. ಎರಡೂ ಅಂಗಾತ ಬಿದ್ದು, ಉಬ್ಬಿದ ಮೈ ಮೇಲೆ ತೊಟ್ಟಿಲಂತೆ ತೂಗಿದರೆ ತಾಯಿ ನಕ್ಕಳು.

ಮಾಮ ಊದುಬತ್ತಿ ಹಚ್ಚಿದ. ಮಂಡಿಯೂರಿದ. ಕೆಮ್ಮಿದ. ಉಸಿರೂ ಎಳೆದುಕೊಳ್ಳದೆ ಕೂಗಿದ: "ತಾಯೀ, ನಾಗಾಸಾಕಿಯಾ?"

ಟಕ್, ಟಕ್. ಎರಡೂ ಅಂಗಾತ.

"ನಕ್ಕಳು" ಎಂದಳು ಅ-ಕಿಮ್ ಚಿಕ್ಕಮ್ಮ, ಬೀಜ ಉಗಿಯುತ್ತ.

"ಒಕಿನಾವಾನಾ?" ನಕ್ಕಳು. "ಒತಾರುನಾ?" ನಕ್ಕಳು. "ಬೂಸಾನಾ?" ಈಗ ಬೆಂಚಿನವರೆಲ್ಲ ಎದ್ದು ಬಂದಿದ್ದರು. "ತೊಂಗ್ಯೊಂಗಾ?" ಈ ಸಲ ತುಂಡುಗಳು ಬಿದ್ದ ಮೇಲೂ ಬಹಳ ಹೊತ್ತು ತೂಗಾಡಿದವು, ಹೊಟ್ಟೆ ಹಿಡಿದುಕೊಂಡು ನಕ್ಕ ಹಾಗೆ. "ದಾ ನಾಂಗಾ?" "ಪೆನಾಂಗಾ?" ನಗು, ಮತ್ತೆ ನಗು.

ಏಳಕ್ಕೆ ಏಳು. ಅ-ಕಿಮ್ ಚಿಕ್ಕಮ್ಮನ ಕೈಯಿಂದ ಬೀಜದ ಪೊಟ್ಟಣ ಜಾರಿತು. ಚಹಾ ಆರಿತು. ಖೋ ಯಜಮಾನರು ಅರವತ್ತೆಂಟು ವರ್ಷದ ತಮ್ಮ ಆಯಸ್ಸಿನಲ್ಲಿ ಇಂಥದ್ದನ್ನು ಕಂಡಿರಲಿಲ್ಲ. ಕಾಣದ್ದಕ್ಕೆ ಅರ್ಥ ಹೇಳುವುದೇ ಅಧ್ಯಕ್ಷರ ಕೆಲಸವಾದ್ದರಿಂದ ಅವರು ಗಂಟಲು ಸರಿಮಾಡಿಕೊಂಡರು.

"ಮಗ ಊರಿಗೆ ಹೊರಟಾಗ ತಾಯಿ ಯಾವಾಗ ನಗ್ತಾಳೆ?"

ಬೆಂಚಿನವರು ಇನ್ನಷ್ಟು ಹತ್ತಿರ ಸರಿದರು.

"ತಾನೂ ಹೊರಡೋ ಮನಸ್ಸಿದ್ದಾಗ! ಬಾಯಿಬಿಟ್ಟು ಕೇಳೋಕೆ ಸಂಕೋಚ. ನಗ್ತಾಳೆ!"

ಇಲ್ಲೊಂದು ಗುಟ್ಟು ಹೇಳಬೇಕು. ಪಕ್ಕದ ಬಂದರಿನ ಗುಡಿಯ ಮಾಜು, ಮೂರ್ತಿಯ ರೂಪದಲ್ಲಿ, ಹೋದ ವರ್ಷ ವಿಮಾನದಲ್ಲಿ ಒಕಿನಾವಾಕ್ಕೆ ಹೋಗಿ ಬಂದಿದ್ದಳು. ಆ ಗುಡಿಯ ಅಧ್ಯಕ್ಷರ ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಅವತ್ತಿನಿಂದ ಖೋ ಯಜಮಾನರಿಗೆ ಸರಿಯಾಗಿ ಊಟ ಸೇರುತ್ತಿರಲಿಲ್ಲ.

ಮಾಮ 'ನನಗೆ ಹಾಗನಿಸಲಿಲ್ಲ' ಎಂದು ಹೇಳಬಹುದಿತ್ತು. ಆದರೆ ಇಡೀ ಬೆಂಚು ಅವನನ್ನೇ ನೋಡುತ್ತಿತ್ತು. ಅವನು ಕತ್ತು ಎತ್ತಿ, "ನಂಗೂ ಮೂರನೇ ನಗುವಿನ ಹೊತ್ತಿಗೇ ಅನುಮಾನ ಬಂದಿತ್ತು" ಎಂದುಬಿಟ್ಟ.

"ಹಾಗಾದ್ರೆ ಕೇಳಯ್ಯ!"

"ತಾಯೀ, ನೀನೂ ಬರ್ತೀಯಾ?"

ಒಂದು ಅಂಗಾತ, ಒಂದು ಬೋರಲು. ಹೌದು. ಎರಡನೇ ಸಲವೂ ಹೌದು. ಮೂರನೇ ಸಲವೂ ಹೌದು! ಮೂರು ಹೌದು ಸಾಲಾಗಿ ಬಂದ ಮೇಲೆ ಸರ್ಕಾರ ಅಡ್ಡ ಬಂದರೂ ನಿಲ್ಲುವ ಮಾತಿಲ್ಲ. ಯಾರೋ ಡೋಲು ಬಡಿದರು. ಯಾರೋ ಪಟಾಕಿ ಹಚ್ಚಿದರು. ಅ-ಕಿಮ್ ಚಿಕ್ಕಮ್ಮ ಸಾರಿನ ಅಂಗಡಿಯನ್ನು ಹಾಗೇ ಬಿಟ್ಟು ಹೊಸ ಸೂಟ್‌ಕೇಸ್ ನೋಡಲು ಓಡಿದಳು.

"ನೀನೆಲ್ಲಿಗೆ ಚಿಕ್ಕಮ್ಮ?" ಎಂದೆ ನಾನು.

"ಅಯ್ಯೋ ಹುಡುಗಿ, ತಾಯಿ ಒಬ್ಬಳೇ ಹೋಗೋಕಾಗುತ್ತಾ? ಊದುಬತ್ತಿ ಹಿಡಿಯೋಕೆ ಒಬ್ರು ಬೇಡ್ವಾ?"

ಊದುಬತ್ತಿಗೆ ಒಬ್ಬರಾದರೆ ಕೊಡೆಗೆ ಒಬ್ಬರು, ಧ್ವಜಕ್ಕೆ ಇಬ್ಬರು, ಡೋಲು ಜಾಗಟೆಗೆ ಆರು ಜನ. ಡೋಲಿನವರ ಹೆಂಡತಿಯರು ತಾವಿಲ್ಲದೆ ಡೋಲು ಹೊರಡದು ಎಂದರು. ಪಟ್ಟಿ ಬೆಳೆಯಿತು.

ಗುರುವಾರ ಬೆಳಿಗ್ಗೆ ಖೋ ಯಜಮಾನರು, ಮಾಮ, ಅಕ್ಷರ ದುಂಡಗಿದೆ ಎಂಬ ತಪ್ಪಿಗೆ ನಾನು, ಪ್ರವಾಸದ ಕಚೇರಿಗೆ ಹೋದೆವು. ಕಂಪ್ಯೂಟರಿನ ಮುಂದಿದ್ದ ಹುಡುಗಿ ನಗುಮುಖದಿಂದ ಕೇಳಿದಳು.

"ಮೊದಲನೇ ಪ್ರಯಾಣಿಕರ ಹೆಸರು?"

"ಲಿನ್ ಮೋ-ನಿಯಾಂಗ್" ಎಂದರು ಖೋ. ಅದು ತಾಯಿಯ ತವರಿನ ಹೆಸರು.

"ಹುಟ್ಟಿದ ದಿನ?"

"ಮೂರನೇ ತಿಂಗಳ ಇಪ್ಪತ್ತಮೂರು. ಹಳೇ ಪಂಚಾಂಗದ ಲೆಕ್ಕ."

"ವರ್ಷ?"

"ಸೋಂಗ್ ದೊರೆಗಳು ಪಟ್ಟಕ್ಕೆ ಬಂದ ವರ್ಷ."

ಹುಡುಗಿಯ ಬೆರಳು ನಿಂತಿತು. "ಅಂದ್ರೆ, ಅಜ್ಜಿಗೆ ವಯಸ್ಸೆಷ್ಟು?"

"ಸಾವಿರದ ಅರವತ್ತು ದಾಟಿದೆ."

"ಗಾಲಿಕುರ್ಚಿ ಬೇಕಾ?"

"ಪಲ್ಲಕ್ಕಿ ಇದೆ."

"ಓ, ಮಾಜು ತಾಯೀನಾ!" ಹುಡುಗಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಮೊದ್ಲೇ ಹೇಳ್ಬಾರ್ದಾ ಅಂಕಲ್! ಕಿಟಕಿ ಸೀಟೇ ಕೊಡ್ಬೇಕು. ಹೋದ ತಿಂಗಳು ಒಬ್ರು ಭೂಮಿದೇವರಿಗೆ ನಡುವಿನ ಸೀಟು ಸಿಕ್ಕಿ, ಭಕ್ತರು ಇಲ್ಲೇ ಕೂತು ಗಲಾಟೆ ಮಾಡಿದ್ರು. ಸರಿ, ತಾಯಿ ಜೊತೆ ಎಷ್ಟು ಜನ? ಯಾವ ಊರಿಗೆ?"

ಮೊದಲನೇ ಪ್ರಶ್ನೆಗೆ ಖೋ ಯಜಮಾನರು ಉದ್ದದ ಪಟ್ಟಿ ತೆಗೆದರು. ಎರಡನೆಯದಕ್ಕೆ ಮೂವರೂ ಚಾವಣಿ ನೋಡಿದೆವು.

"ಅದೊಂದು ಗೊತ್ತಿಲ್ಲ" ಎಂದ ಮಾಮ. ಹುಡುಗಿ ಪಾಪ, ಗಡುವನ್ನು ಸೋಮವಾರಕ್ಕೆ ಮುಂದೆ ಹಾಕಿದಳು.

ಇಷ್ಟೆಲ್ಲ ನಡೆದರೂ ಈ ಸುದ್ದಿ ಮುಟ್ಟದೆ ಉಳಿದಿದ್ದ ಒಂದೇ ಜೀವ ಬೀ-ಯುನ್ ಅತ್ತೆ. ಅವಳಿಗೆ ಹೇಳುವ ಕೆಲಸ ಮಾಮನದಾಗಿತ್ತು. ಎಂದು ಹೇಳಲಿ, ಹೇಗೆ ಹೇಳಲಿ ಎಂಬ ಎರಡು ಪ್ರಶ್ನೆಗಳು ಒಟ್ಟಿಗೇ ಬಂದುದರಿಂದ ಅವನಿಗೆ ನಿರ್ಧರಿಸಲಾಗಿರಲಿಲ್ಲ. ಆ ಸಂಜೆ ಅತ್ತೆ ಸಿಂಪಿ ಬಿಡಿಸುತ್ತಲೇ ಕೇಳಿದಳು.

"ಅ-ಕಿಮ್ ಕೆಂಪು ಸೂಟ್‌ಕೇಸ್ ತಗೊಂಡ್ಲಂತೆ. ಎಲ್ಲಿಗಂತೆ?"

ಮಾಮ ಬಕೆಟ್ಟಿನೊಳಗೆ ಇಣುಕಿದ.

"ಏಯ್, ನಾವು ಎಷ್ಟು ಜನ ಹೋಗ್ತಿದೀವಿ?"

"ಇಬ್ರೇ."

"ಸರಿ."

"ಮತ್ತೆ ಮಾಜು ತಾಯಿ."

ಚಾಕು ನಿಂತಿತು. "ತಾಯಿನಾ? ಒಳ್ಳೇದೇ ಆಯ್ತು ಬಿಡು. ಮೂರು ಜನ."

"ತಾಯಿ ಒಬ್ಬಳೇ ಹೇಗೆ ಹೋಗ್ತಾಳೆ ಹೇಳು. ಊದುಬತ್ತಿ ಹಿಡಿಯೋಕೆ ಒಬ್ರು..."

"ಎಷ್ಟು?"

"ಕೊಡೆ ಹಿಡಿಯೋಕೆ ಒಬ್ರು..."

"ಜಿನ್-ಶುಯಿ. ಎಷ್ಟು?"

"ನಲವತ್ತೊಂದು."

ಅತ್ತೆ ಬೈಯಲಿಲ್ಲ. ಚಾಕು ಮತ್ತೆ ಓಡತೊಡಗಿತು, ಮೊದಲಿಗಿಂತ ಎರಡು ಪಟ್ಟು ಜೋರಾಗಿ. ಚಿಪ್ಪುಗಳು ಮಾಮನ ಕಿವಿಯ ಪಕ್ಕದಲ್ಲೇ ಹಾರಿಹೋದವು. ಆಮೇಲೆ ಎರಡು ದಿನ ಆ ಮನೆಯಲ್ಲಿ ಬೆಳಿಗ್ಗೆ ಸಿಂಪಿಯ ಗಂಜಿ, ಮಧ್ಯಾಹ್ನ ಸಿಂಪಿಯ ದೋಸೆ, ಸಂಜೆ ಸಿಂಪಿಯ ಸಾರು. ಮಾಮ ನಮ್ಮ ಮನೆಗೆ ಬಂದು, "ನಿಮ್ಮಲ್ಲಿ ಬರೀ ಅನ್ನ ಇದ್ಯಾ? ಯಾವುದೂ ಸೇರಿಸದ ಅನ್ನ?" ಎಂದು ಕೇಳಿ, ನಿಂತೇ ಉಂಡು ಹೋದ.

ಭಾನುವಾರ ಬೆಳಿಗ್ಗೆ ಗುಡಿಯ ಅಂಗಳದಲ್ಲಿ ನಲವತ್ತೂ ಚಿಲ್ಲರೆ ಜನರ ಸಭೆ. ಇದ್ದದ್ದು ಒಂದೇ ಪ್ರಶ್ನೆ: ಯಾವ ಊರು? ಖೋ ಯಜಮಾನರಿಗೆ ಜಪಾನೇ ಆಗಬೇಕು, ಅದೂ ಒಕಿನಾವಾಕ್ಕಿಂತ ದೂರದ್ದು. ಅ-ಕಿಮ್ ಚಿಕ್ಕಮ್ಮನಿಗೆ ಪೆನಾಂಗಿನ ತಿಂಡಿ ಬೀದಿಗಳು ಕನಸಿನಲ್ಲಿ ಬರುತ್ತಿದ್ದವು. ಡೋಲಿನವರು ಬೂಸಾನ್ ಎಂದರೆ ಅವರ ಹೆಂಡತಿಯರು ದಾ ನಾಂಗ್ ಎಂದರು.

"ಹಿಮದಲ್ಲಿ ತಾಯಿಗೆ ನೆಗಡಿಯಾಗುತ್ತೆ!"

"ಕಟ್ಟಿಗೆಯ ತಾಯಿಗೆ ಎಂಥಾ ನೆಗಡಿ?"

"ಕಟ್ಟಿಗೆ ಅಂತೀಯಾ? ನಾಲಿಗೆ ತೊಳ್ಕೋ ಮೊದ್ಲು!"

"ನಾನು ಖಾರ ತಿನ್ನೋಕೆ ಹೋಗ್ತಿಲ್ಲ ಯಜಮಾನ್ರೇ, ಭಕ್ತಿಗೆ ಹೋಗ್ತಿರೋದು. ಖಾರ ತಾನಾಗೇ ಸಿಗುತ್ತೆ!"

ಒಬ್ಬೊಬ್ಬರೂ ತಮ್ಮ ತಮ್ಮ ಊರಿನ ಹೆಸರು ಕೂಗಿ ತುಂಡು ಹಾಕಿದರು. ಕೆಲವರಿಗೆ ತಾಯಿ ಬೇಡವೆಂದಳು, ಬಹಳ ಜನಕ್ಕೆ ನಕ್ಕಳು. ಗದ್ದಲ ತಾರಕಕ್ಕೇರಿದಾಗ ಗುಡಿಯ ಎರಡು ಬಾಗಿಲಿನಿಂದ ಇಬ್ಬರು ಒಳಬಂದರು. ಪೂರ್ವದ ಬಾಗಿಲಿನಿಂದ ನಮ್ಮ ಅ-ಮಾ, ಬಸ್ಸಿನಲ್ಲೇ ಸುದ್ದಿ ಕೇಳಿ, ಇಳಿದು ನೇರವಾಗಿ, ಕೈಯಲ್ಲಿ ತಂಗಿ ಕೊಟ್ಟ ಸೀಬೆಹಣ್ಣಿನ ಚೀಲ. ಪಶ್ಚಿಮದಿಂದ ಬೀ-ಯುನ್ ಅತ್ತೆ, ರಬ್ಬರ್ ಬೂಟು, ಒದ್ದೆ ಏಪ್ರನ್.

ಅತ್ತೆ ಖೋ ಯಜಮಾನರ ಮುಂದೆ ನಿಂತಳು.

"ಯಜಮಾನ್ರೇ, ತಾಯಿ ಬರ್ಲಿ. ತಾಯಿನ ಬೇಡ ಅನ್ನೋಕೆ ನಾನ್ಯಾರು? ಆದ್ರೆ ಮೂವತ್ತು ವರ್ಷದಿಂದ ನಿಮ್ಮೆಲ್ಲರ ಮುಖ ನೋಡ್ಕೊಂಡೇ ಸಿಂಪಿ ಬಿಡಿಸ್ತಿದೀನಿ. ಕೆಟ್ಟ ಮುಖ ಅಂತಲ್ಲ."

"ಅಲ್ವಲ್ಲ ಮತ್ತೆ!" ಎಂದಳು ಅ-ಕಿಮ್ ಚಿಕ್ಕಮ್ಮ.

"ಆದ್ರೆ ಇದೇ ಮುಖಗಳನ್ನ ನೋಡೋಕೆ ವಿಮಾನ ಹತ್ಬೇಕಾ? ನೀವೆಲ್ಲ ಹೋಗ್ಬನ್ನಿ. ನಾನು ಬರಲ್ಲ. ನನ್ನ ಸೀಟಿಗೆ ಇನ್ನೊಂದು ಡೋಲು ಹಾಕ್ಕೊಳ್ಳಿ."

ಮಾಮ ಏಳೂ ಕರಪತ್ರಗಳನ್ನು ಎದೆಗವಚಿಕೊಂಡು ನಿಂತ. ನನಗೆ ಆ ಕ್ಷಣದಲ್ಲಿ, ಕಥೆಗಳಲ್ಲಿ ನಾಗರಾಜನ ಹೊಟ್ಟೆ ಸೇರಿದವರು ಹೊರಡುವ ಮುಂಚೆ ಹೀಗೇ ಕಂಡಿರಬೇಕು ಅನ್ನಿಸಿತು.

ಅ-ಮಾ ಸೀಬೆಹಣ್ಣಿನ ಚೀಲ ಕೆಳಗಿಟ್ಟಳು.

"ಏನೋ ಅ-ಶುಯಿ, ತಾಯಿ ಏಳು ಸಲ ನಕ್ಕಳಂತೆ?"

"ಹೌದು ಅ-ಮಾ. ಇವಳೇ ಸಾಕ್ಷಿ" ಎಂದು ನನ್ನನ್ನು ತೋರಿಸಿದ.

"ಕೇಳೋಕೆ ಮುಂಚೆ ಏನಂದೆ?"

"ನಾಗಾಸಾಕಿಯಾ ಅಂದೆ."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ಕೆಮ್ಮಿದೆ."

"ಹೆಸರು ಹೇಳಿದ್ಯಾ?"

ಮಾಮ ತಲೆ ಕೆರೆದುಕೊಂಡ.

"ಗಲ್ಲಿ? ಮನೆ ನಂಬರ್? ಹುಟ್ಟಿದ ವರ್ಷ?"

ಇಡೀ ಅಂಗಳ ಹಣೆ ಚಚ್ಚಿಕೊಂಡಿತು. ತಾಯಿಯ ಮುಂದೆ ಮಂಡಿಯೂರಿದರೆ ಮೊದಲು ಹೆಸರು, ವಿಳಾಸ, ಹುಟ್ಟಿದ ವರ್ಷ, ಪ್ರಶ್ನೆ ಆಮೇಲೆ. ನಡೆಯಲು ಕಲಿಯುವ ಮುಂಚೆ ನಾವು ಕಲಿಯುವುದು ಇದನ್ನು. ನಾನು ಮೂರು ಮಾರು ದೂರದಲ್ಲಿದ್ದೆ, ನನಗೂ ಹೊಳೆದಿರಲಿಲ್ಲ. ಉತ್ಸಾಹ ಹೆಚ್ಚಾದಾಗ ಕಿವಿ ಮೊದಲು ರಜೆ ಹಾಕುತ್ತದೆ.

"ಯಾರೋ ಒಬ್ಬ ಬಂದು, ರೈಲು ನಿಲ್ದಾಣದ ಮೈಕಿನ ಹಾಗೆ ಏಳು ಊರಿನ ಹೆಸರು ಕೂಗಿದ್ರೆ ತಾಯಿ ನಗದೆ ಅಳ್ತಾಳಾ?" ಎಂದಳು ಅ-ಮಾ. "ನಗೋದು ಅಂದ್ರೆ ನಿನ್ನ ಪ್ರಶ್ನೆ ನೆಟ್ಟಗಿಲ್ಲ ಅಂತ. ಅದಕ್ಕೊಂದು ಮೆರವಣಿಗೆ ಕಟ್ಟಿದ್ರಲ್ಲ!"

ಖೋ ಯಜಮಾನರ ಮುಖ ಬೆಳ್ಳಗಾಯಿತು. "ಆದ್ರೆ ಅ-ಮಾ, ಬರ್ತೀನಿ ಅಂತ ಮೂರು ಸಲ ಹೌದು ಅಂದ್ಳಲ್ಲ! ಅದು ಸುಳ್ಳಾ?"

"ಯಾಕೆ ಸುಳ್ಳಾಗುತ್ತೆ? ಬರ್ತೀನಿ ಅಂದ್ಳು. ಯಾರ ಜೊತೆ ಅಂದ್ಳಾ? ಹೆಸರೇ ಹೇಳ್ದೆ ಇರೋನ ಜೊತೆ ಸಾವಿರ ವರ್ಷದ ಹೆಂಗಸು ಹೇಗಯ್ಯಾ ಹೊರಡ್ತಾಳೆ?"

ಯಜಮಾನರ ಮುಖಕ್ಕೆ ರಕ್ತ ಮರಳಿತು. ಅವರು ಹಾರಿ ಬಂದು ಮಂಡಿಯೂರಿದರು. ಹೆಸರು, ಗಲ್ಲಿ, ವರ್ಷ, ಸಮಿತಿಯಲ್ಲಿ ಹುದ್ದೆ, ಅದಕ್ಕೆ ಮುಂಚಿನ ಹುದ್ದೆ, ತಂದೆಯ ಹುದ್ದೆ, ಎಲ್ಲ ಹೇಳಲು ಊದುಬತ್ತಿ ಅರ್ಧ ಉರಿಯಿತು. ಕಡೆಗೆ, "ತಾಯೀ, ಈ ನಲವತ್ತು ಮಕ್ಕಳ ಜೊತೆ ನಾಗಾಸಾಕಿಗೆ ಬರ್ತೀಯಾ?" ಎಂದರು. ಹೌದು. ಹೌದು. ಹೌದು! ಡೋಲು ಮೊಳಗಿತು. ಅ-ಕಿಮ್ ಚಿಕ್ಕಮ್ಮ ಪೆನಾಂಗನ್ನು ಅಲ್ಲೇ ಮರೆತು, "ನಾಗಾಸಾಕಿಯಲ್ಲಿ ಏನು ತಿನ್ನೋಕೆ ಸಿಗುತ್ತೆ?" ಎಂದು ವಿಚಾರಿಸತೊಡಗಿದಳು.

"ಡೋಲು ನಿಲ್ಸಿ!" ಎಂದಳು ಅ-ಮಾ. "ಬೀ-ಯುನ್, ನೀನು ಕೇಳು."

ಅತ್ತೆ ಕೈಗವಸು ಕಳಚಿದಳು. ಸಾವಿರ ಗಾಯದ ಗೆರೆಗಳಿದ್ದ ಅಂಗೈಯಲ್ಲಿ ತುಂಡುಗಳನ್ನು ಹಿಡಿದಳು.

"ತಾಯೀ, ನಾನು ಬಂದರು ಬೀದಿ, ಮೂರನೇ ಗಲ್ಲಿ, ಹದಿನೇಳನೇ ಮನೆಯ ಊ ಬೀ-ಯುನ್. ಹಂದಿಯ ವರ್ಷದಲ್ಲಿ ಹುಟ್ಟಿದೋಳು. ಇವನು ಅದೇ ಮನೆಯ ತ್ಸಾಯ್ ಜಿನ್-ಶುಯಿ. ತನ್ನ ಹೆಸರು ತಾನು ಹೇಳೋದು ಮರೀತಾನೆ, ಅದಕ್ಕೇ ನಾನು ಹೇಳ್ತಿದೀನಿ. ನಾವಿಬ್ರೇ ಹೋಗ್ಬಹುದಾ?"

ಮೊದಲ ಸಲ ಹೌದು. ಎರಡನೇ ಸಲ ಹೌದು. ಮೂರನೇ ಸಲ ಒಂದು ತುಂಡು ಅಂಗಾತ ಬಿತ್ತು. ಇನ್ನೊಂದು ಪುಟಿದು, ಖೋ ಯಜಮಾನರ ಬೂಟಿಗೆ ಬಡಿದು, ಬುಗುರಿಯಂತೆ ಸುತ್ತುತ್ತ ನೈವೇದ್ಯದ ಮೇಜಿನ ಕೆಳಗೆ ಮಾಯವಾಯಿತು.

ನಲವತ್ತು ಜನ ಒಟ್ಟಿಗೇ ಬಗ್ಗಿ ನೋಡಿದರು. ಮಾಮ ಕಣ್ಣು ಮುಚ್ಚಿದ. ಅ-ಮಾ ಎಂಬತ್ತೊಂದು ವರ್ಷದ ತನ್ನ ಮೈಯನ್ನು ಮಡಚಿ ಮೇಜಿನ ಕೆಳಗೆ ತೂರಿದಳು. ನನ್ನ ಫೋನಿನ ಬೆಳಕಿನಲ್ಲಿ ಅವಳ ಬಿಳಿ ತುರುಬು ಮಾತ್ರ ಕಾಣುತ್ತಿತ್ತು.

"ಅ-ಮಾ! ಅಂಗಾತನಾ ಬೋರಲಾ?"

"ತಡಿಯೇ. ಇಲ್ಲೊಂದು ಕಿತ್ತಳೆಹಣ್ಣು ಬಿದ್ದಿದೆ, ಯಾವ ಹಬ್ಬದ್ದೋ." ಕಿತ್ತಳೆ ಉರುಳಿ ಹೊರಬಂತು. "ಬೋರಲು!"

ಒಂದು ಅಂಗಾತ, ಒಂದು ಬೋರಲು. ಹೌದು! ಆ ದಿನ ಬಡಿದ ಡೋಲಿನ ಚರ್ಮ ಹರಿದು, ನಾಗಾಸಾಕಿಗೆ ಸಾಲ ತಂದ ಡೋಲು ಹೋಯಿತು.

"ಈಗ ಊರು ಕೇಳು" ಎಂದ ಮಾಮ, ಕಣ್ಣೊರೆಸಿಕೊಂಡು ಕರಪತ್ರ ಚಾಚುತ್ತ. "ಏಳನ್ನೂ ಕೇಳ್ಬ..."

ಅತ್ತೆ ಒಂದನ್ನು ಎಳೆದುಕೊಂಡಳು. "ಇದು. ನೀಲಿ ನೀರು, ಹಂಸ. ಇಷ್ಟಕ್ಕೆಲ್ಲ ತಾಯಿಗೆ ಯಾಕೆ ತೊಂದ್ರೆ ಕೊಡ್ಬೇಕು?"

ಇಪ್ಪತ್ತನಾಲ್ಕು ದಿನದ ಸಮಸ್ಯೆ ಬಗೆಹರಿಯಲು ತೆಗೆದುಕೊಂಡ ಸಮಯ ಅಷ್ಟೇ.

ಎರಡೂ ವಿಮಾನ ಒಂದೇ ಬೆಳಿಗ್ಗೆ. ತಾಯಿಯ ಕಿರೀಟಕ್ಕೆ ತಪಾಸಣೆಯ ಯಂತ್ರ ಕಿರುಚಿತು. ತಪಾಸಣೆಯ ಹೆಂಗಸು ಮೊದಲು ಕೈಮುಗಿದು, "ಕ್ಷಮಿಸು ತಾಯಿ, ಡ್ಯೂಟಿ" ಎಂದು ಕಿರೀಟ ನೋಡಿದಳು. ತಾಯಿಗೆ ಕಿಟಕಿಯ ಸೀಟು ಸಿಕ್ಕಿತು, ನಡುವಿಗೆ ಬೆಲ್ಟ್ ಬಿಗಿಯಿತು. ಖೋ ಯಜಮಾನರು ದಾರಿಯುದ್ದಕ್ಕೂ ಮೋಡ ಬಂದಾಗಲೆಲ್ಲ ಅವಳಿಗೆ ವರದಿ ಒಪ್ಪಿಸಿದರಂತೆ. ಅವರ ಫೋಟೋ ಪತ್ರಿಕೆಯಲ್ಲಿ ಬಂತು. ಡೋಲು ಅರ್ಧ ಮುಖ ಮುಚ್ಚಿತ್ತು, ಆದರೂ ಅವರು ಊಟ ಮಾಡತೊಡಗಿದರು.

ಮಾಮ, ಅತ್ತೆ ಬೂಸಾನಿನಲ್ಲಿ ಇಳಿದು, ಬಸ್ಸು ಹತ್ತಿ, ತೊಂಗ್ಯೊಂಗಿನಲ್ಲಿ ಇಳಿದರು. ಅತ್ತೆ ಹೊಸ ಕೋಟು ಹಾಕಿದ್ದಳು. ಕೈಚೀಲವನ್ನೂ ಮಾಮನೇ ಹೊತ್ತಿದ್ದ, ಅವಳ ಕೈ ಖಾಲಿ ಇರಬೇಕಲ್ಲ. ಇಬ್ಬರೂ ಕೊಲ್ಲಿಯ ದಂಡೆಗೆ ಬಂದರು. ನೀಲಿ ನೀರು, ಎಣಿಸಲಾಗದಷ್ಟು ದ್ವೀಪ, ಥೇಟ್ ಚಿತ್ರದ ಹಾಗೆ. ಬಿಳಿ ಚುಕ್ಕಿಗಳೂ ಇದ್ದವು.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು. ಮೂಗರಳಿಸಿದಳು.

"ಜಿನ್-ಶುಯಿ."

"ಹೂಂ."

"ನಿನ್ನ ಹಂಸಗಳು ಪ್ಲಾಸ್ಟಿಕ್ಕಿನವು."

ಸಾಲುಸಾಲು ಬಿಳಿ ತೇಲುಗುಂಡುಗಳು. ಅವುಗಳ ಕೆಳಗೆ ಹಗ್ಗ. ಹಗ್ಗದ ತುಂಬ ಸಿಂಪಿ. ನಮ್ಮ ಬಂದರಿನಲ್ಲಿ ಬಿದಿರಿನ ತೆಪ್ಪಕ್ಕೆ ಸಿಂಪಿ ಕಟ್ಟುತ್ತೇವಾದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಅವರ ಎಡಕ್ಕೆ ಬಂದರಿನ ಕಟ್ಟೆ. ಕಟ್ಟೆಯ ಮೇಲೆ ತಗಡಿನ ಚಪ್ಪರ. ಚಪ್ಪರದಡಿ ಗಿಡ್ಡ ಸ್ಟೂಲುಗಳ ಮೇಲೆ ರಬ್ಬರ್ ಬೂಟಿನ ಹೆಂಗಸರು ಸಾಲಾಗಿ ಕೂತು, ಕಡಲಿಗೆ ಬೆನ್ನು ಹಾಕಿ, ಸಿಂಪಿ ಬಿಡಿಸುತ್ತಿದ್ದರು. ಸಾವಿರಾರು ಮೈಲಿಯ ಕರಾವಳಿಯಲ್ಲಿ, ಏಳು ಊರುಗಳಲ್ಲಿ, ಅತ್ತೆ ಆರಿಸಿಕೊಂಡದ್ದು ಸಿಂಪಿಯ ಊರು.

ಮಾಮ ಬಂದ ದಾರಿಯ ಕಡೆಗೆ ತಿರುಗಿದ. "ಬೀ-ಯುನ್, ನಾಳೆನೇ ವಾಪಸ್ ಬೂಸಾನಿಗೆ..."

ಅತ್ತೆ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಮುಂದಕ್ಕೂ ಹಿಂದಕ್ಕೂ ತೂಗುತ್ತ ನಕ್ಕಳು. "ಐದನೇ ಸಲ ತಾಯಿ ಯಾಕೆ ಅಷ್ಟು ಹೊತ್ತು ನಕ್ಕಳು ಅಂತ ಈಗ ಗೊತ್ತಾಯ್ತು!"

ನಗು ಕೇಳಿ ಚಪ್ಪರದ ಹೆಂಗಸರು ತಿರುಗಿದರು. ಅವರಲ್ಲಿ ಹಿರಿಯಳೊಬ್ಬಳು ಅತ್ತೆಯ ಬರಿಗೈಗಳನ್ನು ನೋಡಿದಳು. ದಪ್ಪಗಾದ ಹೆಬ್ಬೆರಳು, ಗಾಯದ ಗೆರೆಗಳು. ತನ್ನ ಕೈಗವಸು ಕಳಚಿ ಹೆಬ್ಬೆರಳು ಎತ್ತಿ ತೋರಿಸಿದಳು. ಅದೇ ಹೆಬ್ಬೆರಳು. ಹೆಂಗಸರೆಲ್ಲ ಹೋ ಎಂದು ಕೂಗಿದರು. ಹಿರಿಯಳು ಸಂಭ್ರಮದಿಂದ ಖಾಲಿ ಸ್ಟೂಲೊಂದನ್ನು ಎಳೆದು, ಅದರ ಮೇಲೆ ಚಾಕು ಇಟ್ಟು, ಬಾ ಎಂದು ಕೈಬೀಸಿದಳು. ಅದು ಆ ಕಡೆಯವರು ಆದರ ತೋರಿಸುವ ಬಗೆ. ಇಲ್ಲವೆನ್ನುವುದು ಹೇಗೆ?

ಅತ್ತೆ ಸ್ಟೂಲನ್ನು ನೋಡಿದಳು. ನಗು ಮೆಲ್ಲನೆ ಇಳಿಯಿತು. ಮೂವತ್ತು ವರ್ಷದ ಅಭ್ಯಾಸದಲ್ಲಿ ಅವಳ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದಿಟ್ಟಿತು.

ಆಗ ತ್ಸಾಯ್ ಜಿನ್-ಶುಯಿ ತನ್ನ ಬದುಕಿನಲ್ಲಿ ಮೊದಲ ಸಲ ಹಿಂದೆ ಮುಂದೆ ನೋಡದೆ ಒಂದು ನಿರ್ಧಾರ ಮಾಡಿದ. ಕೈಚೀಲಗಳನ್ನು ಅಲ್ಲೇ ಬಿಟ್ಟು, ಓಡಿಹೋಗಿ ಆ ಸ್ಟೂಲಿನ ಮೇಲೆ ಧೊಪ್ಪನೆ ಕೂತ. ಚಾಕು ಹಿಡಿದು ಎದೆ ತಟ್ಟಿಕೊಂಡು, ಯಾರಿಗೂ ಅರ್ಥವಾಗದ ನಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಕೂಗಿದ.

"ನಾನು ಬಂದರು ಬೀದಿ, ಮೂರನೇ ಗಲ್ಲಿ, ಹದಿನೇಳನೇ ಮನೆಯ ತ್ಸಾಯ್ ಜಿನ್-ಶುಯಿ! ಕುದುರೆಯ ವರ್ಷದಲ್ಲಿ ಹುಟ್ಟಿದೋನು! ಇವಳು ನನ್ನ ಹೆಂಡತಿ! ಇವತ್ತು ಇವಳಿಗೆ ರಜ!"

ಅವರು ತಂದ ಫೋಟೋ ನಮ್ಮ ಅ-ಮಾಳ ಕನ್ನಡಿಯ ಪಕ್ಕದಲ್ಲಿದೆ. ಹಿರಿಯ ಹೆಂಗಸು ತೆಗೆದದ್ದು. ಒಂದು ಮೂಲೆಯಲ್ಲಿ ಹೂವಿನ ಏಪ್ರನ್ ಕಟ್ಟಿದ ಮಾಮ, ಬೆರಳಿಗೆ ಬಟ್ಟೆ ಸುತ್ತಿಕೊಂಡು, ಒಂದು ಸಿಂಪಿಯ ಜೊತೆ ಗುದ್ದಾಡುತ್ತಿದ್ದಾನೆ. ಸುತ್ತ ಬಿದ್ದು ಬಿದ್ದು ನಗುವ ಹೆಂಗಸರು. ಇಡೀ ಮಧ್ಯಾಹ್ನದಲ್ಲಿ ಅವನು ಬಿಡಿಸಿದ್ದು ಹನ್ನೊಂದು. ಫೋಟೋದ ಉಳಿದ ಭಾಗವೆಲ್ಲ ನೀಲಿ. ಅದರ ನಡುವೆ ಕಟ್ಟೆಯ ತುದಿಯಲ್ಲಿ ಅತ್ತೆ ನಿಂತಿದ್ದಾಳೆ. ಮೂವತ್ತು ವರ್ಷ ನಮಗೆ ಅವಳ ಮುಖ ಕಂಡಿತ್ತು, ಕಡಲಿಗೆ ಬೆನ್ನು. ಇದರಲ್ಲಿ ಬೆನ್ನು ನಮ್ಮ ಕಡೆಗಿದೆ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಿದ್ದಾಳೆ. ನಾನು ಭೂತಗನ್ನಡಿ ಹಿಡಿದು ನೋಡಿದೆ, ಕೈಯಲ್ಲಿ ಏನೂ ಇಲ್ಲ.

ಈಗ ಸಂಜೆ ಹೊತ್ತು ಎಂಜಿನ್ ಕೆಲಸ ಮುಗಿದ ಮೇಲೆ ಮಾಮ ಅವಳ ಪಕ್ಕ ಇನ್ನೊಂದು ಸ್ಟೂಲು ಹಾಕಿಕೊಂಡು ಸಿಂಪಿ ಬಿಡಿಸುತ್ತಾನೆ. ತಾನು ಕೊರಿಯಾದಲ್ಲಿ ತರಬೇತಿ ಪಡೆದವನು ಎಂದು ಗಿರಾಕಿಗಳಿಗೆ ಹೇಳುತ್ತಾನೆ. ಮೊನ್ನೆ ಅವನ ಏಪ್ರನ್ನಿನ ಜೇಬಿನಿಂದ ಬಣ್ಣದ ಕಾಗದಗಳು ಇಣುಕುತ್ತಿದ್ದವು, ಈ ಸಲ ಒಂಬತ್ತು.

"ಬೀ-ಯುನ್, ಮುಂದಿನ ವರ್ಷ ಎಲ್ಲಿಗೆ..."

ಅತ್ತೆ ತಲೆಯೆತ್ತದೆ, ಚಾಕು ನಿಲ್ಲಿಸದೆ ಅಂದಳು. "ಮೊದ್ಲು ಹೆಸರು ಹೇಳು. ಗಲ್ಲಿ ಹೇಳು. ಆಮೇಲೆ ಕೇಳು."